ಹೊಲೊಗ್ರಫಿಯನ್ನು ಆರು ಮಾರ್ಕಿಗೆ ಮುಗಿಸಬೇಡಿ: ಸಿಲಬಸ್ ಮಾಡುವವರಿಗೊಂದು ಬಹಿರಂಗ ಪತ್ರ

ಇಂಜಿನಿಯರಿಂಗ್ ಮೊದಲ ವರ್ಷದ ಫಿಸಿಕ್ಸ್ ಸಿಲಬಸ್ ಮಾಡುವ ಸಮಿತಿಯವರಿಗೆ, ಪ್ರಶ್ನೆಪತ್ರಿಕೆ ತೆಗೆಯುವವರಿಗೆ, ಪಾಠ ಮಾಡುವ ಮೇಷ್ಟ್ರು ಮೇಡಂಗಳಿಗೆ,

ನಮಸ್ಕಾರ. ನಾನು ನಿಮ್ಮ ಹಳೇ ವಿದ್ಯಾರ್ಥಿಗಳಲ್ಲಿ ಒಬ್ಬ. ರ್ಯಾಂಕ್ ಬಂದವನಲ್ಲ, ಪಾಸಾದವನು. ಈಗ ಕ್ಯಾಮೆರಾ, ಲೆನ್ಸು ಟೆಸ್ಟ್ ಮಾಡುವ ಕೆಲಸದಲ್ಲಿದ್ದೇನೆ. ದಿನಾ ಬೆಳಕಿನ ಜೊತೆಗೇ ಒಡನಾಟ. ಹಾಗಾಗಿ ಒಂದು ವಿಷಯ ಕೇಳೋಣ ಅಂತ ಬರೆಯುತ್ತಿದ್ದೇನೆ.

ಹೊಲೊಗ್ರಫಿ ಅಂದರೆ ವಸ್ತುವಿನಿಂದ ಬರುವ ಬೆಳಕಿನ ಅಲೆಯನ್ನೇ ಪ್ಲೇಟಿನಲ್ಲಿ ಹಿಡಿದಿಟ್ಟು, ವಸ್ತು ಎದುರಿಗೇ ಇದ್ದ ಹಾಗೆ ಮತ್ತೆ ತೋರಿಸುವ ವಿದ್ಯೆ. ಅದು ನಮಗೆ ಎಲ್ಲಿ ಸಿಕ್ಕಿತು ಹೇಳಿ? ಲೇಸರ್ ಯೂನಿಟ್‌ನ ಬಾಲದಲ್ಲಿ. ಮೊದಲು ಐನ್‌ಸ್ಟೈನ್ ಕೋಎಫಿಶಿಯೆಂಟು, ಆಮೇಲೆ ಹೀಲಿಯಂ-ನಿಯಾನ್ ಲೇಸರ್, ಆಮೇಲೆ ವೆಲ್ಡಿಂಗು, ಡ್ರಿಲ್ಲಿಂಗು, ಕೊನೆಗೆ ಜಾಗ ಉಳಿದರೆ ಹೊಲೊಗ್ರಫಿ. ಒಂದು ಲೇಸರ್, ಒಂದು ಬೀಮ್ ಸ್ಪ್ಲಿಟರ್ (ಬೆಳಕನ್ನು ಎರಡು ದಾರಿಗೆ ಸೀಳುವ ಗಾಜು), ಒಂದು ಕನ್ನಡಿ, ಒಂದು ವಸ್ತು, ಒಂದು ಫೋಟೋ ಪ್ಲೇಟು. ಬಾಣದ ಗುರುತು ಸರಿಯಾಗಿ ಹಾಕಿದರೆ ಮಾರ್ಕು. ಕೆಳಗೆ ಐದು ಉಪಯೋಗ ಬರೆದರೆ ಪೂರ್ತಿ ಮಾರ್ಕು. ಕ್ವೆಶ್ಚನ್ ಬ್ಯಾಂಕ್ ನೋಡಿ ಬಾಯಿಪಾಠ ಮಾಡಿದವರು ಪಾಸು, ಅರ್ಥ ಮಾಡಿಕೊಳ್ಳಲು ಹೊರಟವರು ಟೈಮ್ ಸಾಲದೆ ಕೂತರು.

ಇದರಲ್ಲಿ ನನ್ನ ತಕರಾರು ಮಾರ್ಕಿನದ್ದಲ್ಲ. ಈ ಕ್ರಮವೇ ತಿರುಗುಮುರುಗಾಗಿದೆ. ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ಹೊಲೊಗ್ರಫಿ ಹುಟ್ಟಿದ್ದು 1947ರಲ್ಲಿ. ಅಂದರೆ ‘ಲೇಸರ್‌ನ ಉಪಯೋಗಗಳು’ ಅನ್ನೋ ಪಟ್ಟಿಯಲ್ಲಿ ನಾವು ಬರೆಯುತ್ತಿರುವ ಸಂಗತಿ ಲೇಸರ್‌ಗಿಂತ ಹದಿಮೂರು ವರ್ಷ ದೊಡ್ಡದು! ಲೇಸರೇ ಇಲ್ಲದೆ ಒಬ್ಬ ಮನುಷ್ಯ ಇದನ್ನು ಹೇಗೆ ಮಾಡಿದ, ಯಾಕೆ ಮಾಡಿದ ಅನ್ನೋ ಪ್ರಶ್ನೆ ಕ್ಲಾಸಿನಲ್ಲಿ ಒಮ್ಮೆಯೂ ಬರಲಿಲ್ಲ. ಅದನ್ನು ಮಾಡಿದ ಡೆನಿಸ್ ಗಾಬರ್ ಅನ್ನೋ ಹೆಸರು ಬ್ರ್ಯಾಕೆಟ್‌ನಲ್ಲಿ ಬಂದು ಹೋಯಿತು, ಅಷ್ಟೇ.

ಆ ಬ್ರ್ಯಾಕೆಟ್ ಸ್ವಲ್ಪ ಬಿಚ್ಚುತ್ತೇನೆ, ದಯವಿಟ್ಟು ಓದಿ.

ಗಾಬರ್ ಹುಟ್ಟಿದ್ದು 1900ರ ಜೂನ್ 5ರಂದು, ಹಂಗೇರಿಯ ಬುಡಾಪೆಸ್ಟಿನಲ್ಲಿ, ಯಹೂದಿ ಮೂಲದ ಮನೆಯಲ್ಲಿ. ಮೊದಲ ಮಹಾಯುದ್ಧದಲ್ಲಿ ಹುಡುಗ ವಯಸ್ಸಿಗೇ ಫಿರಂಗಿ ದಳ ಸೇರಿ ಉತ್ತರ ಇಟಲಿಗೆ ಹೋಗಿ ಬಂದರು. ಓದು ಮೊದಲು ಬುಡಾಪೆಸ್ಟಿನಲ್ಲಿ, ಆಮೇಲೆ ಬರ್ಲಿನ್ನಿನಲ್ಲಿ. ಗಮನಿಸಿ, ಓದಿದ್ದು ಇಂಜಿನಿಯರಿಂಗೇ. ಫಿಸಿಕ್ಸ್ ಮೇಲೆ ಪ್ರಾಣ ಇಟ್ಟುಕೊಂಡಿದ್ದ ಎಲೆಕ್ಟ್ರಿಕಲ್ ಇಂಜಿನಿಯರ್. ನಮ್ಮ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ?

ಪಿಎಚ್‌ಡಿಗೆ ಅವರು ಹಿಡಿದದ್ದು ಕ್ಯಾಥೋಡ್ ರೇ ಆಸಿಲೋಗ್ರಾಫ್. ಹೈವೋಲ್ಟೇಜ್ ಲೈನಿನಲ್ಲಿ ಕ್ಷಣಮಾತ್ರಕ್ಕೆ ಬಂದು ಹೋಗುವ ಏರಿಳಿತ ಹಿಡಿಯುವ ಯಂತ್ರ. ಎಲೆಕ್ಟ್ರಾನ್ ಕಿರಣ ಚೆದುರದಂತೆ ಒಟ್ಟುಗೂಡಿಸಲು ಒಂದು ಸಣ್ಣ ಕಾಯಿಲ್ ಮಾಡಿ, ಅದರ ಸುತ್ತ ಕಬ್ಬಿಣದ ಕವಚ ಹಾಕಿದರು. ಅದು ಚೆನ್ನಾಗಿ ಕೆಲಸ ಮಾಡಿತು. ಯಾಕೆ ಕೆಲಸ ಮಾಡಿತು ಅಂತ ಅವರಿಗೇ ಪೂರ್ತಿ ಗೊತ್ತಿರಲಿಲ್ಲ. ಆಮೇಲೆ ಹಾನ್ಸ್ ಬುಶ್ ಅನ್ನುವವರು ಲೆಕ್ಕ ಹಾಕಿ ತೋರಿಸಿದರು: ಇಂಥ ಕಾಯಿಲ್ ಎಲೆಕ್ಟ್ರಾನುಗಳಿಗೆ ಲೆನ್ಸ್ ಇದ್ದ ಹಾಗೆ. ಲೆನ್ಸ್ ಇದ್ದ ಮೇಲೆ ಮೈಕ್ರೋಸ್ಕೋಪ್ ಯಾಕಾಗಬಾರದು? ಬರ್ಲಿನ್ನಿನ ಒಂದು ಕೆಫೆಯಲ್ಲಿ ಕೂತು ಗೆಳೆಯ ಲಿಯೋ ಝಿಲಾರ್ಡ್ ಇದನ್ನೇ ಕೇಳಿದರು. ಆಗ 1928. ಅದೇ ಝಿಲಾರ್ಡ್, ಮುಂದೆ ಪರಮಾಣು ಸರಪಳಿ ಕ್ರಿಯೆಯ ಯೋಚನೆ ಹೊಳೆದವರು. ಗಾಬರ್ ಉತ್ತರ ಏನಿತ್ತೆಂದರೆ, ಜೀವಂತ ವಸ್ತುವನ್ನು ನಿರ್ವಾತದಲ್ಲಿ ಇಡಲಾಗುವುದಿಲ್ಲ, ಇಟ್ಟರೂ ಎಲೆಕ್ಟ್ರಾನ್ ಬಿದ್ದು ಸುಟ್ಟು ಬೂದಿಯಾಗುತ್ತದೆ. ಮಾತು ಅಲ್ಲಿಗೆ ನಿಂತಿತು. ಮೂರೇ ವರ್ಷಕ್ಕೆ, 1931ರಲ್ಲಿ, ಅದೇ ಬರ್ಲಿನ್ನಿನಲ್ಲಿ ನೋಲ್ ಮತ್ತು ರುಸ್ಕಾ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಮಾಡಿಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಯಿತು. ರುಸ್ಕಾಗೆ ಇದೇ ಕೆಲಸಕ್ಕೆ 1986ರಲ್ಲಿ ನೊಬೆಲ್ ಬಂತು.

ನನಗನ್ನಿಸುವಂತೆ ಹೊಲೊಗ್ರಫಿಯ ಕತೆ ಶುರುವಾಗುವುದೇ ಇಲ್ಲಿಂದ. ಬಿಟ್ಟುಹೋದ ಆ ಮೈಕ್ರೋಸ್ಕೋಪು ಗಾಬರ್‌ರನ್ನು ಮತ್ತೆ ಬಂದು ಹಿಡಿದುಕೊಂಡಿತು.

ನಡುವೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. ಬರ್ಲಿನ್ನಿನ ಸೀಮೆನ್ಸ್‌ನಲ್ಲಿ ಹೈಪ್ರೆಶರ್ ಮರ್ಕ್ಯುರಿ ದೀಪದ ಮೇಲೆ ಕೆಲಸ ಮಾಡಿದರು. ಈ ದೀಪ ನೆನಪಿಡಿ, ಮುಂದೆ ಬರುತ್ತದೆ. 1933ರಲ್ಲಿ ಹಿಟ್ಲರ್ ಬಂದ, ಕೆಲಸ ಹೋಯಿತು. ಊರಿಗೆ ವಾಪಸ್ ಬಂದು ಸ್ವಲ್ಪ ದಿನ ಇದ್ದು, 1934ರಲ್ಲಿ ಇಂಗ್ಲೆಂಡಿನ ರಗ್ಬಿ ಊರಿಗೆ ಹೋದರು. ಹೌದು, ಆಟಕ್ಕೆ ಹೆಸರು ಕೊಟ್ಟ ಅದೇ ರಗ್ಬಿ. ಅಲ್ಲಿ ಬ್ರಿಟಿಷ್ ಥಾಮ್ಸನ್-ಹ್ಯೂಸ್ಟನ್ ಅನ್ನೋ ದೊಡ್ಡ ಎಲೆಕ್ಟ್ರಿಕಲ್ ಕಂಪನಿ, ಬಿಟಿಎಚ್ ಅಂತಾರೆ. ಎರಡನೇ ಮಹಾಯುದ್ಧ ಶುರುವಾದಾಗ ಕಂಪನಿಯ ತುಂಬಾ ಗುಟ್ಟಿನ ಕೆಲಸ. ಇವರು ಪರದೇಶಿ. ಹಾಗಾಗಿ ಕಾವಲು ಬೇಲಿಯ ಹೊರಗೆ ಒಂದು ಶೆಡ್ಡು ಕೊಟ್ಟು ಅಲ್ಲಿ ಕೂರಿಸಿದರು. ರೇಡಾರ್ ಎಲ್ಲ ಒಳಗೆ, ಗಾಬರ್ ಹೊರಗೆ. ಯಾರಾದರೂ ಆಗಿದ್ದರೆ ಮುನಿಸಿಕೊಂಡು ಕೂರುತ್ತಿದ್ದರು. ಇವರು ಯೋಚನೆ ಮಾಡುತ್ತಾ ಕೂತರು. 1946ರಲ್ಲಿ ಬಂದ ಅವರ ‘ಸಂವಹನ ಸಿದ್ಧಾಂತ’ದ ಪೇಪರ್ ಆ ಕಾಲದ ಯೋಚನೆಯೇ. ಒಂದು ಸಿಗ್ನಲ್ಲನ್ನು ಕಾಲ ಮತ್ತು ಫ್ರೀಕ್ವೆನ್ಸಿ ಎರಡರಲ್ಲೂ ಒಟ್ಟಿಗೆ ಹೇಗೆ ತುಂಡು ಮಾಡಬಹುದು ಅನ್ನೋದರ ಬಗ್ಗೆ.

ಕೊನೇ ವರ್ಷ ಇಮೇಜ್ ಪ್ರೊಸೆಸಿಂಗ್ ಓದುವಾಗ ‘ಗಾಬರ್ ಫಿಲ್ಟರ್’ ಅಂತ ಬರುತ್ತೆ ನೋಡಿ, ಚಿತ್ರದೊಳಗಿನ ಗೆರೆ, ವಿನ್ಯಾಸ ಹುಡುಕುವ ಲೆಕ್ಕ, ಅದರ ಬೇರು ಈ ಪೇಪರಿನಲ್ಲಿದೆ. ಮೊದಲ ವರ್ಷದ ಫಿಸಿಕ್ಸಿನ ಗಾಬರ್ರೂ ಕೊನೇ ವರ್ಷದ ಗಾಬರ್ರೂ ಒಬ್ಬರೇ ಅಂತ ನನಗೆ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. ಯಾರೂ ಹೇಳಿರಲಿಲ್ಲ. ಆಧಾರ್ ಮಾಡಿಸುವಾಗ ಕಣ್ಣಿನ ಐರಿಸ್ ಫೋಟೋ ತೆಗೀತಾರಲ್ವಾ, ಐರಿಸ್ ಗುರುತಿಸಲು ಜಾನ್ ಡಾಗ್‌ಮನ್ ರೂಪಿಸಿದ ವಿಧಾನ ನಿಂತಿರುವುದು ಈ ಗಾಬರ್ ಫಿಲ್ಟರಿನ ಅಲೆಗಳ ಮೇಲೆಯೇ. ಇಷ್ಟನ್ನು ಕ್ಲಾಸಿನಲ್ಲಿ ಎರಡು ನಿಮಿಷದಲ್ಲಿ ಹೇಳಬಹುದಲ್ಲ? ಹಿಂದಿನ ಬೆಂಚೂ ತಲೆ ಎತ್ತುತ್ತಿತ್ತು.

ಈಗ ಮುಖ್ಯ ಭಾಗಕ್ಕೆ ಬರೋಣ.

ಯುದ್ಧ ಮುಗಿಯುವ ಹೊತ್ತಿಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೆಳಕಿನ ಮೈಕ್ರೋಸ್ಕೋಪಿಗಿಂತ ನೂರು ಪಟ್ಟು ಸೂಕ್ಷ್ಮವಾಗಿ ನೋಡುತ್ತಿತ್ತು. ಆದರೆ ಪರಮಾಣುಗಳು ಕಾಣುವ ಹಂತಕ್ಕೆ ಒಂದು ಹೆಜ್ಜೆ ಹಿಂದೆಯೇ ನಿಂತುಬಿಟ್ಟಿತ್ತು. ಎಲೆಕ್ಟ್ರಾನಿನ ಅಲೆಯುದ್ದ ಬೇಕಾದಷ್ಟು ಚಿಕ್ಕದೇ ಇತ್ತು. ಕೈ ಕೊಟ್ಟಿದ್ದು ಲೆನ್ಸು. ಗಾಬರ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಅಂದಿನ ಅತ್ಯುತ್ತಮ ಎಲೆಕ್ಟ್ರಾನ್ ಲೆನ್ಸನ್ನೂ ಮಳೆಹನಿಗೆ ಹೋಲಿಸುತ್ತಾರೆ. ಮಳೆಹನಿಯನ್ನು ಕಣ್ಣಿಗೆ ಹಿಡಿದು ಪುಸ್ತಕ ಓದಿದ ಹಾಗೆ. ಕಾಯಿಲ್ ಎಷ್ಟು ನಾಜೂಕಾಗಿ ಸುತ್ತಿದರೂ ಪ್ರಯೋಜನವಿಲ್ಲ. ದುಂಡಗಿನ ಕಾಯಿಲ್‌ನಿಂದ ಮಾಡಿದ ಲೆನ್ಸಿನಲ್ಲಿ ಚಿತ್ರ ಕೆಡಿಸುವ ಈ ದೋಷ ಹೋಗುವುದೇ ಇಲ್ಲ ಅಂತ 1936ರಲ್ಲೇ ಜರ್ಮನಿಯ ಭೌತವಿಜ್ಞಾನಿ ಷೆರ್ಜರ್ ಸಾಧಿಸಿ ತೋರಿಸಿದ್ದರು.

1947ರ ಈಸ್ಟರ್ ಹಬ್ಬದ ದಿನ. ಟೆನಿಸ್ ಆಡಲು ಸರದಿ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದಾಗ ಹೊಳೆಯಿತು ಅಂತ ಹೇಳುತ್ತಾರೆ. ಹೊಳೆದದ್ದು ಇಷ್ಟು: ಲೆನ್ಸು ಕೆಟ್ಟದ್ದು ತಾನೇ? ಇರಲಿ ಬಿಡು. ಕೆಟ್ಟ ಚಿತ್ರವನ್ನೇ ತೆಗೆಯೋಣ. ಆದರೆ ಅದರಲ್ಲಿ ಮಾಹಿತಿ ಪೂರ್ತಿ ಇರಬೇಕು. ಆಮೇಲೆ ಬೆಳಕಿನ ಸಹಾಯದಿಂದ ಅದನ್ನು ಸರಿಮಾಡಿಕೊಂಡರಾಯಿತು.

ಮಾಹಿತಿ ಪೂರ್ತಿ ಅಂದರೆ ಏನು? ಫೋಟೋ ಫಿಲ್ಮಿಗೆ ಗೊತ್ತಾಗುವುದು ಬೆಳಕು ಎಷ್ಟು ಜೋರು ಅನ್ನೋದು ಮಾತ್ರ. ಅಲೆ ಬಂದು ಬಡಿದಾಗ ಅದು ಏರಿನಲ್ಲಿತ್ತಾ ಇಳಿತದಲ್ಲಿತ್ತಾ ಅನ್ನೋದು, ನಾವು ಫೇಸ್ ಅನ್ನುತ್ತೇವಲ್ಲ ಅದು, ಫಿಲ್ಮಿನಲ್ಲಿ ಉಳಿಯುವುದಿಲ್ಲ. ವಸ್ತು ಎಷ್ಟು ದೂರದಲ್ಲಿದೆ, ಯಾವ ಆಕಾರದಲ್ಲಿದೆ ಅನ್ನೋ ಸುಳಿವೆಲ್ಲ ಆ ಫೇಸ್‌ನಲ್ಲೇ ಅಡಗಿರುತ್ತದೆ. ಗಾಬರ್ ಮಾಡಿದ್ದು ಇಷ್ಟೇ: ವಸ್ತುವಿನಿಂದ ಬಂದ ಅಲೆಯ ಮೇಲೆ ಏನೂ ಕಲಕದ ಒಂದು ಸಾದಾ ಅಲೆಯನ್ನು ಬೀಳಿಸಿದರು. ಎರಡೂ ಕೂಡಿದ ಕಡೆ ಪಟ್ಟೆಗಳು ಮೂಡುತ್ತವೆ. ಫೇಸ್ ಎಲ್ಲಿ ಹೆಚ್ಚುಕಡಿಮೆ ಆಯಿತೋ ಅಲ್ಲಿ ಪಟ್ಟೆಯ ಜಾಗ ಬದಲಾಗುತ್ತದೆ. ಜಾಗವನ್ನು ಫಿಲ್ಮ್ ಹಿಡಿಯಬಲ್ಲದು. ಅದೇ ಫಿಲ್ಮಿನ ಮೇಲೆ ಮತ್ತೆ ಆ ಸಾದಾ ಅಲೆಯನ್ನು ಬಿಟ್ಟರೆ, ಪಟ್ಟೆಗಳು ಬೆಳಕನ್ನು ತಿರುಗಿಸಿ ವಸ್ತುವಿನಿಂದ ಮೊದಲು ಬಂದಿದ್ದ ಅಲೆಯನ್ನೇ ಎಬ್ಬಿಸುತ್ತವೆ. ವಸ್ತು ಅಲ್ಲಿಲ್ಲ. ಅದರ ಅಲೆ ಇದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಈ ಯೋಚನೆಯನ್ನು ಪರೀಕ್ಷಿಸಲು ಎಲೆಕ್ಟ್ರಾನಿನ ತಂಟೆಗೆ ಹೋಗದೆ ಮೊದಲು ಬೆಳಕಿನಲ್ಲೇ ಮಾಡಿ ನೋಡಿದರು. ಜೊತೆಗೆ ಸಹಾಯಕ ಐವರ್ ವಿಲಿಯಮ್ಸ್. ನಾನು ಮಕ್ಕಳಿಗೆ ತೋರಿಸಿ ಅಂತ ಕೇಳುತ್ತಿರುವುದು ಈ ಪ್ರಯೋಗವನ್ನೇ. ದೀಪ ಯಾವುದು ಗೊತ್ತಾ? ಅದೇ ಹೈಪ್ರೆಶರ್ ಮರ್ಕ್ಯುರಿ ದೀಪ. ಅದರ ಬೆಳಕಿನಲ್ಲಿ ಒಂದೇ ಬಣ್ಣದ ಗೆರೆ ಆರಿಸಿಕೊಂಡು, 3 ಮೈಕ್ರಾನ್ ಅಗಲದ ತೂತಿನೊಳಗಿಂದ ಹಾಯಿಸಿದರು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿ, ಅದರಲ್ಲಿ ಮೂರು ಭಾಗ. ಅಷ್ಟು ಸಣ್ಣ ತೂತಿನಿಂದ ಎಷ್ಟು ಬೆಳಕು ಬಂದೀತು? ಹಾಗಾಗಿ ಅಂದು ಸಿಗುತ್ತಿದ್ದ ಅತಿ ಸೂಕ್ಷ್ಮ ಪ್ಲೇಟಿಗೂ ಹಲವು ನಿಮಿಷ ಎಕ್ಸ್‌ಪೋಸ್ ಮಾಡಬೇಕಾಗಿತ್ತು. ಇನ್ನೊಂದು ಕಷ್ಟ. ಆ ದೀಪದ ಕೊಹೆರೆನ್ಸ್ ಬರೀ 0.1 ಮಿಲಿಮೀಟರ್. ಅಂದರೆ ಎರಡು ಅಲೆ ನಡೆದು ಬಂದ ದಾರಿಯಲ್ಲಿ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಪಟ್ಟೆ ಮೂಡುವುದಿಲ್ಲ. ಆದ್ದರಿಂದ ಆನೆ, ಗೊಂಬೆ, ಸೇಬು ಯಾವುದನ್ನೂ ಇಡುವಂತಿಲ್ಲ. ಅವರು ಇಟ್ಟದ್ದು ಸುಮಾರು ಒಂದು ಮಿಲಿಮೀಟರ್ ಅಗಲದ ಒಂದು ಚಪ್ಪಟೆ ಫಿಲ್ಮಿನ ತುಣುಕು. ಅದರ ಮೇಲೆ ಮೂರು ಹೆಸರು: ಹೈಗೆನ್ಸ್, ಯಂಗ್, ಫ್ರೆನೆಲ್. ಬೆಳಕು ಅಲೆ ಅಂತ ಹೇಳಿಕೊಟ್ಟ ಮೂವರು ಗುರುಗಳು. ಪಟ್ಟೆ ಹಿಡಿದ ಪ್ಲೇಟಿನಲ್ಲಿ, ಅಂದರೆ ಹೊಲೊಗ್ರಾಮಿನಲ್ಲಿ, ಹೆಸರು ಗುರುತೇ ಸಿಗದಂತೆ ಕಲಸಿಹೋಗಿತ್ತು. ಮತ್ತೆ ಬೆಳಕು ಬಿಟ್ಟಾಗ ಮೂರೂ ಹೆಸರು ಓದುವ ಹಾಗೆ ಬಂದವು, ಸ್ವಲ್ಪ ಮಸುಕಾಗಿ. 1948ರ ಮೇ ತಿಂಗಳ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಮಸುಕು ಯಾಕೆ? ಇದನ್ನು ಪರೀಕ್ಷೆಯಲ್ಲಿ ಕೇಳಿ ಸಾರ್! ದೀಪ ಅಷ್ಟು ಬಡವಾಗಿದ್ದರಿಂದ ಬೆಳಕನ್ನು ಎರಡು ದಾರಿ ಮಾಡಿ ಸುತ್ತು ಹೊಡೆಸಿ ತರುವ ಐಷಾರಾಮ ಗಾಬರ್‌ಗೆ ಇರಲಿಲ್ಲ. ಎಲ್ಲ ಒಂದೇ ಸಾಲಿನಲ್ಲಿ: ದೀಪ, ತೂತು, ವಸ್ತು, ಪ್ಲೇಟು. ವಸ್ತುವನ್ನು ತಾಗದೆ ಪಕ್ಕದಲ್ಲಿ ಹಾದುಹೋದ ಬೆಳಕೇ ಸಾದಾ ಅಲೆ. ಹೀಗೆ ಮಾಡಿದಾಗ ಚಿತ್ರದ ಜೊತೆ ಅದರ ಅವಳಿಯೊಂದು ಅದೇ ಸಾಲಿನಲ್ಲಿ ಹುಟ್ಟುತ್ತದೆ. ಒಂದನ್ನು ಫೋಕಸ್ ಮಾಡಿದರೆ ಇನ್ನೊಂದು ಮಸುಕಾಗಿ ಅದರ ಮೇಲೆ ಕೂರುತ್ತದೆ. ಗಾಬರ್ ಈ ಅವಳಿಯ ಕಾಟದಿಂದ ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಆಲ್ಡರ್‌ಮಾಸ್ಟನ್ನಿನಲ್ಲಿ ಬಿಟಿಎಚ್‌ನ ಬಳಗದ್ದೇ ಪ್ರಯೋಗಾಲಯವೊಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇದನ್ನು ಮಾಡಲು ಒದ್ದಾಡಿತು, ಆಗಲಿಲ್ಲ. 1955ರ ಸುಮಾರಿಗೆ ಹೊಲೊಗ್ರಫಿ ಮಲಗಿಬಿಟ್ಟಿತು. ಅಷ್ಟರಲ್ಲಿ ಗಾಬರ್ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಬಂದು ಮೇಷ್ಟ್ರಾಗಿದ್ದರು, ಬೇರೆ ಹತ್ತು ಕೆಲಸ ಹಿಡಿದಿದ್ದರು.

ಅದನ್ನು ಎಬ್ಬಿಸಿದವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಎಮ್ಮೆಟ್ ಲೀತ್ ಮತ್ತು ಯೂರಿಸ್ ಉಪಾಟ್ನಿಕ್ಸ್. ಲೀತ್ ಹೊಲೊಗ್ರಫಿ ಮಾಡಲು ಹೊರಟವರೇ ಅಲ್ಲ. ಮಿಲಿಟರಿಗೆ ರೇಡಾರ್ ಕೆಲಸ ಮಾಡುತ್ತಿದ್ದಾಗ ಇದೇ ಗಣಿತಕ್ಕೆ ಬಂದು ಮುಟ್ಟಿದರು, ಆಮೇಲೆ ನೋಡಿದರೆ ಗಾಬರ್ ಆಗಲೇ ಬರೆದಿಟ್ಟಿದ್ದರು. ರೇಡಿಯೋದವರಿಗೆ ಗೊತ್ತಿದ್ದ ಉಪಾಯವನ್ನೇ ಬೆಳಕಿಗೆ ಹಾಕಿದರು: ಸಾದಾ ಅಲೆಯನ್ನು ನೇರವಾಗಿ ಬಿಡದೆ ಓರೆಯಾಗಿ ಬಿಟ್ಟರು. ಚಿತ್ರ ಒಂದು ಕಡೆ, ಅವಳಿ ಇನ್ನೊಂದು ಕಡೆ. ಪೀಡೆ ತೊಲಗಿತು. ನೀವು ಬೋರ್ಡಿನ ಮೇಲೆ ಬರೆಯುವ ಬೀಮ್ ಸ್ಪ್ಲಿಟರ್ ಚಿತ್ರ ನಿಜವಾಗಿ ಇವರದ್ದು, ಗಾಬರ್ ಅವರದ್ದಲ್ಲ. ಆ ಓರೆ ಉಪಾಯ ಪ್ರಕಟವಾದದ್ದು 1962ರಲ್ಲಿ. ಲೇಸರ್ ಹಿಡಿದು ಉಬ್ಬುತಗ್ಗಿರುವ ನಿಜವಾದ ವಸ್ತುವಿನ ಹೊಲೊಗ್ರಾಮ್ ಮಾಡಿ ಜನರಿಗೆ ತೋರಿಸಿದ್ದು 1964ರಲ್ಲಿ. ಒಂದು ಆಟಿಕೆ ರೈಲು. ದೃಗ್ವಿಜ್ಞಾನಿಗಳ ಸಮ್ಮೇಳನದಲ್ಲಿ ಅದನ್ನು ನೋಡಲು ಹೋಟೆಲ್ಲಿನ ಉದ್ದಕ್ಕೂ ಕ್ಯೂ ನಿಂತಿತ್ತು. ನೋಡಿದವರು ರೈಲು ಎಲ್ಲಿ ಅಂತ ಪ್ಲೇಟಿನ ಹಿಂದೆ ಹುಡುಕಿದರು. ಹುಡುಕಿದವರೆಲ್ಲ ಬೆಳಕನ್ನೇ ಓದಿ ಬದುಕುವವರು ಅನ್ನೋದು ಇಲ್ಲಿ ಮಜಾ.

ಅದೇ ಸಮಯಕ್ಕೆ ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡಿನಲ್ಲಿ ಯೂರಿ ಡೆನಿಸ್ಯುಕ್ ಬೇರೆಯೇ ದಾರಿ ಹಿಡಿದಿದ್ದರು. ಪ್ಲೇಟಿನ ಒಂದು ಬದಿಯಿಂದ ಸಾದಾ ಅಲೆ, ಎದುರು ಬದಿಯಿಂದ ವಸ್ತುವಿನ ಅಲೆ. ಪಟ್ಟೆಗಳು ಪ್ಲೇಟಿಗೆ ಬಳಿದ ಎಮಲ್ಷನ್ ಲೇಪದ ದಪ್ಪದೊಳಗೆ ಪದರ ಪದರವಾಗಿ ಕೂರುತ್ತವೆ. ಇಂಥ ಹೊಲೊಗ್ರಾಮ್ ನೋಡಲು ಲೇಸರ್ ಬೇಡ, ಸಾಮಾನ್ಯ ಬಲ್ಬಿನ ಬೆಳಕೇ ಸಾಕು. ಇವರ ಹೆಸರು ನಮ್ಮ ನೋಟ್ಸಿನಲ್ಲಿ ಬ್ರ್ಯಾಕೆಟ್‌ಗೂ ಬಂದಿರಲಿಲ್ಲ.

1971ರ ನೊಬೆಲ್ ಗಾಬರ್ ಒಬ್ಬರಿಗೇ ಬಂತು. ಆಗ ಅವರಿಗೆ 71. ಲೀತ್, ಉಪಾಟ್ನಿಕ್ಸ್, ಡೆನಿಸ್ಯುಕ್ ಯಾರಿಗೂ ಇಲ್ಲ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ಗಾಬರ್ ಉಪನ್ಯಾಸದಲ್ಲಿ ಅವರೆಲ್ಲರ ಕೆಲಸವನ್ನೂ ತೋರಿಸಿ ಹೇಳಿದರು, ದೊಡ್ಡ ಮನಸ್ಸೇ. ಆದರೂ. 1979ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಬೆಳಕಿನ ಬದಲು ಎಲೆಕ್ಟ್ರಾನಿನ ಅಲೆಯಿಂದ ಮಾಡುವ ಎಲೆಕ್ಟ್ರಾನ್ ಹೊಲೊಗ್ರಫಿಯೇನೋ ಮುಂದೆ ಬೆಳೆಯಿತು. ಜಪಾನಿನ ಹಿಟಾಚಿಯಲ್ಲಿ ಅಕಿರಾ ಟೊನೊಮುರಾ 1986ರಲ್ಲಿ ಅದರಿಂದ ಅಹರೊನೊವ್-ಬೋಮ್ ಪರಿಣಾಮವನ್ನು (ಕಾಂತಕ್ಷೇತ್ರವನ್ನು ಮುಟ್ಟದೆ ಹಾದುಹೋದ ಎಲೆಕ್ಟ್ರಾನಿನ ಫೇಸ್ ಕೂಡ ಬದಲಾಗುವುದು) ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿದರು. ಮೂಲ ಕಾಯಿಲೆಗೆ ಮದ್ದು ಸಿಕ್ಕಿದ್ದು ಮಾತ್ರ ಬೇರೆ ಕಡೆಯಿಂದ. 1990ರ ದಶಕದಲ್ಲಿ ಜರ್ಮನಿಯ ರೋಸ್, ಹೈಡರ್, ಉರ್ಬನ್ ಸೇರಿಕೊಂಡು, ದುಂಡಗಿನ ಕಾಯಿಲ್ ಆಚೆಗೆ ಹೋಗಿ, ಎಲೆಕ್ಟ್ರಾನ್ ಲೆನ್ಸಿನ ದೋಷವನ್ನೇ ತೆಗೆದುಬಿಟ್ಟರು.

ಇಷ್ಟೆಲ್ಲ ಹೇಳಿದ್ದು ಜೀವನಚರಿತ್ರೆಯನ್ನು ಸಿಲಬಸ್ಸಿಗೆ ತುರುಕಿ ಅಂತಲ್ಲ. ಹಾಗೆ ಮಾಡಿದರೆ ‘ಗಾಬರ್ ಹುಟ್ಟಿದ ಇಸವಿ ಯಾವುದು’ ಅಂತ ಎರಡು ಮಾರ್ಕಿನ ಪ್ರಶ್ನೆ ಬರುತ್ತೆ, ಗೊತ್ತಿರೋದೇ. ನಾನು ಕೇಳುವುದು, ಹೊಲೊಗ್ರಫಿಯನ್ನು ಲೇಸರ್ ಯೂನಿಟ್‌ನಿಂದ ಎತ್ತಿ ಇಂಟರ್‌ಫಿಯರೆನ್ಸ್ (ಅಲೆಗಳು ಕೂಡಿ ಪಟ್ಟೆ ಮೂಡುವುದು) ಪಾಠದ ಪಕ್ಕಕ್ಕೆ ಇಡಿ. ದುಂಡನೆಯ ಪಟ್ಟೆ ತೋರಿಸುವ ನ್ಯೂಟನ್ಸ್ ರಿಂಗ್ಸ್ ಪ್ರಯೋಗ ಮಾಡಿಸಿದ ಮರುವಾರವೇ ಇದನ್ನು ಹೇಳಿದರೆ ಪಟ್ಟೆಗಳಲ್ಲಿ ಏನು ಬರೆದಿದೆ ಅಂತ ಮಕ್ಕಳಿಗೆ ತಾನಾಗಿ ಗೊತ್ತಾಗುತ್ತದೆ. ಪ್ರಶ್ನೆಯೂ ಬದಲಾಗಲಿ: ‘0.1 ಮಿಲಿಮೀಟರ್ ಕೊಹೆರೆನ್ಸ್ ಇರುವ ದೀಪದಿಂದ ಹೊಲೊಗ್ರಾಮ್ ಮಾಡಬೇಕು, ವಸ್ತು ಎಂಥದ್ದಿರಬೇಕು, ಯಾಕೆ?’ ಇದಕ್ಕೆ ಗೈಡಿನಲ್ಲಿ ಉತ್ತರ ಇರುವುದಿಲ್ಲ.

ಎರಡನೆಯದು ಲ್ಯಾಬು. ಹೊಲೊಗ್ರಾಮ್ ಮಾಡಲು ಅಲುಗಾಡದ ದೊಡ್ಡ ಆಪ್ಟಿಕಲ್ ಟೇಬಲ್ ಬೇಕು, ನಮ್ಮ ಕಾಲೇಜಿಗೆಲ್ಲ ಆಗದ ಮಾತು ಅಂತ ಹೇಳುತ್ತೀರಿ. ಡೆನಿಸ್ಯುಕ್ ರೀತಿಯದ್ದಕ್ಕೆ ಬೀಮ್ ಸ್ಪ್ಲಿಟರೂ ಬೇಡ, ಕನ್ನಡಿಯೂ ಬೇಡ. ಒಂದು ಲೇಸರ್, ಬೆಳಕು ಹರಡಲು ಒಂದು ಲೆನ್ಸು, ಪ್ಲೇಟು, ಪ್ಲೇಟಿಗೆ ತಾಗಿದಂತೆ ಹಿಂದೆ ಒಂದು ನಾಣ್ಯ. ಗ್ರೇಟಿಂಗ್ ಪ್ರಯೋಗಕ್ಕೆ ಅಂತ ಲ್ಯಾಬಿನಲ್ಲಿ ಲೇಸರ್ ಹೇಗೂ ಇದೆ. ಟೇಬಲ್ ಬದಲು ಗಾಳಿ ತುಂಬಿದ ಟ್ಯೂಬಿನ ಮೇಲೆ ಮರಳಿನ ಪೆಟ್ಟಿಗೆ ಸಾಕು. ಎಲ್ಲ ಜೋಡಿಸಿದ ಮೇಲೆ ಅದು ನೆಲೆಗೊಳ್ಳಲು ಸ್ವಲ್ಪ ಹೊತ್ತು ಸುಮ್ನೆ ಬಿಡಬೇಕು. ಎಕ್ಸ್‌ಪೋಸ್ ಮಾಡುವಾಗ ಯಾರೂ ಓಡಾಡಬಾರದು, ಮಾತೂ ಬೇಡ. ಬೆಳಕಿನ ಅಲೆಯುದ್ದದ ಕಾಲು ಭಾಗದಷ್ಟು ಅಲುಗಾಡಿದರೂ ಪಟ್ಟೆ ಅಳಿಸಿಹೋಗುತ್ತದೆ. ಕೆಂಪು ಲೇಸರಿಗೆ ಅದು ಮಿಲಿಮೀಟರಿನ ಆರು ಸಾವಿರ ಭಾಗದಲ್ಲಿ ಒಂದು ಭಾಗಕ್ಕಿಂತ ಜಾಸ್ತಿಯಿಲ್ಲ. ಕಾಲೇಜಿನ ಮುಂದೆ ಬಸ್ಸು ಓಡುವ ರಸ್ತೆ ಇದ್ದರೆ ರಾತ್ರಿ ಮಾಡಿ. ಕೆಡುವುದು ಗ್ಯಾರಂಟಿ, ಮೊದಲ ಪ್ಲೇಟಂತೂ ಕೆಟ್ಟೇ ಕೆಡುತ್ತದೆ. ಕೆಟ್ಟದ್ದನ್ನೂ ರೆಕಾರ್ಡಿನಲ್ಲಿ ಬರೆಯಲು ಬಿಡಿ, ಕೆಂಪು ಇಂಕಿನಲ್ಲಿ ಗೀಟು ಎಳೆಯಬೇಡಿ.

ಇನ್ನೊಂದು, ಲೇಸರ್ ಹಿಡಿದು ನೋಡುವ ಮಾಮೂಲಿ ಹೊಲೊಗ್ರಾಮ್ ಪ್ಲೇಟು ಒಂದಾದರೂ ಪ್ರತಿ ಕಾಲೇಜಿನಲ್ಲಿ ಇರಲಿ. ಬರಿಗಣ್ಣಿಗೆ ಅದು ಬೂದುಬಣ್ಣದ ಗಾಜು, ಅಲ್ಲಲ್ಲಿ ಧೂಳಿನ ಕಣಗಳಿಂದಾದ ಸುರುಳಿ, ಅಷ್ಟೇ. ಲೇಸರ್ ಬೆಳಕು ಬಿಟ್ಟರೆ ಹಿಂದೆ ವಸ್ತು ನಿಲ್ಲುತ್ತದೆ. ಅರ್ಧ ಪ್ಲೇಟನ್ನು ರಟ್ಟಿನಿಂದ ಮುಚ್ಚಿ ಅಂತ ಹುಡುಗರಿಗೆ ಹೇಳಿ. ಅರ್ಧ ವಸ್ತು ಹೋಗುತ್ತೆ ಅಂದುಕೊಂಡಿರುತ್ತಾರೆ. ಹೋಗುವುದಿಲ್ಲ. ನೋಡುವ ಕಿಟಕಿ ಚಿಕ್ಕದಾಗುತ್ತದೆ, ಚಿತ್ರದ ಚೂಪು ಸ್ವಲ್ಪ ಕಡಿಮೆಯಾಗುತ್ತದೆ, ವಸ್ತು ಪೂರ್ತಿ ಕಾಣುತ್ತಲೇ ಇರುತ್ತದೆ. ಯಾಕೆ ಅಂತ ಆಗ ಕೇಳಿ.

ಧೈರ್ಯ ಬಂದ ಮೇಲೆ ಪ್ರಾಜೆಕ್ಟಿಗೂ ವಿಷಯ ಇದೆ. 1965ರಲ್ಲಿ ಮಿಶಿಗನ್ನಿನಲ್ಲೇ ಪೋವೆಲ್ ಮತ್ತು ಸ್ಟೆಟ್ಸನ್, ನಡುಗುತ್ತಿರುವ ವಸ್ತುವಿನ ಹೊಲೊಗ್ರಾಮ್ ತೆಗೆದರೆ ಎಲ್ಲಿ ಎಷ್ಟು ನಡುಗುತ್ತಿದೆ ಅನ್ನೋದು ಪಟ್ಟೆಗಳಾಗಿ ಮೂಡುತ್ತದೆ ಅಂತ ಕಂಡುಕೊಂಡರು. ನಮ್ಮ ರಾಮನ್ 1934ರಲ್ಲಿ ಮೃದಂಗದ ಚರ್ಮದ ಮೇಲೆ ಮರಳು ಉದುರಿಸಿ ಅದು ಹೇಗೆಲ್ಲ ನಡುಗುತ್ತದೆ ಅಂತ ಫೋಟೋ ತೆಗೆದು ಪ್ರಕಟಿಸಿದ್ದರು. ಅದೇ ಮೃದಂಗವನ್ನು ಮರಳಿನ ಬದಲು ಬೆಳಕಿನಲ್ಲಿ ನೋಡಲಿ ಹುಡುಗರು.

ಸಮಿತಿ ಕೂತು ತೀರ್ಮಾನ ಮಾಡಲು ಟೈಮ್ ಹಿಡಿಯುತ್ತದೆ, ಗೊತ್ತು. ಅಲ್ಲಿಯವರೆಗೆ ಯಾವುದಾದರೂ ಕಾಲೇಜಿನ ಫಿಸಿಕ್ಸ್ ವಿಭಾಗದವರು ಮಾಡಿ ನೋಡುವ ಮನಸ್ಸು ಮಾಡಿದರೆ, ಪ್ಲೇಟು ಮತ್ತು ಡೆವಲಪರ್ ಖರ್ಚನ್ನು ಹಳೇ ವಿದ್ಯಾರ್ಥಿಗಳು ನಾವೇ ಸೇರಿಸಿ ಕೊಡುತ್ತೇವೆ. ಶನಿವಾರ ಸಂಜೆ ಬಂದು ಮರಳಿನ ಪೆಟ್ಟಿಗೆ ಹೊರಲು ಜನವೂ ಇದ್ದಾರೆ. ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನೋದನ್ನು ಮಾತ್ರ ಮೊದಲೇ ತಿಳಿಸಿ.

ಇಂತಿ,
ನಿಮ್ಮ ಹಳೇ ವಿದ್ಯಾರ್ಥಿ